ಮಣ್ಣಿನಲ್ಲಿ ಉಳಿದ ಬುಡ

ಚಾಕು ನನ್ನ ಕುತ್ತಿಗೆಗೆ ಒತ್ತಿತ್ತು.

"ನನ್ನ ಜಾಗ ಯಾರು ತೋರಿಸಿದ್ದು?" ಎಂದ ಅಣಬೆ ಮಾರುವವನು.

ಅಣಬೆ ಕೀಳುವವರು ತಮ್ಮ ಜಾಗವನ್ನು ಹೆಂಡತಿಗೂ ಹೇಳುವುದಿಲ್ಲ. ನಾನು ಅವನ ಬೆನ್ನು ಹತ್ತಿ ಕಾಡಿಗೆ ಬಂದಿದ್ದೆ. ವಿಷದ ಕೇಸುಗಳ ಜಾಡು ಹಿಡಿಯುವುದು ನನ್ನ ಕೆಲಸ. ಆದರೆ ಈ ಕೇಸಿನಲ್ಲಿ ಹೊಟ್ಟೆ ಉರಿಯುತ್ತಿದ್ದದ್ದು ನನಗೆ!

ಇವನ ಅಣಬೆ ತಿಂದು ಆಸ್ಪತ್ರೆ ಸೇರಿದವನು ನನ್ನ ಹಳೆಯ ಲ್ಯಾಬ್ ಜೊತೆಗಾರ. ನನ್ನ ಹೆಂಡತಿ ನನ್ನನ್ನು ಬಿಟ್ಟು ಕಟ್ಟಿಕೊಂಡದ್ದು ಅವನನ್ನೇ.

ಕೊಂಡು ತಂದ ಬುಟ್ಟಿಯಲ್ಲಿ ಉಳಿದಿದ್ದ ಒಂದು ಅಣಬೆಗೆ ಅವನು ಡಿಎನ್‌ಎ ಪರೀಕ್ಷೆ ಮಾಡಿಸಿದ್ದ. ತಿನ್ನುವ ಜಾತಿ ಎಂದು ಬಂತು. ವಾಂತಿಯೂ ನಿಂತಿತು. "ಮನೆಗೆ ಹೊರಟಿದ್ದಾರೆ, ಆದರೂ ನನಗೆ ಭಯ," ಎಂದು ಅವಳು ಫೋನಿನಲ್ಲಿ ಅತ್ತಳು.

ನನಗೆ ಜ್ವರ ಬಂದಾಗ ಒಂದು ಮಾತ್ರೆ ಕೊಡದವಳು!

ಮಾರುವವನ ಮಣಿಕಟ್ಟು ತಿರುಚಿದೆ. ಚಾಕು ಬಿತ್ತು, ಅವನು ಹಿಂದೆ ಸರಿದ. ಅದೇ ಚಾಕುವಿನಿಂದ ಅವನು ಅಣಬೆಗಳನ್ನು ನೆಲದ ಮಟ್ಟಕ್ಕೆ ಕತ್ತರಿಸುತ್ತಿದ್ದ... ಬುಡ ಮಣ್ಣಿನಲ್ಲೇ ಉಳಿಯುತ್ತಿತ್ತು. ಕೆದಕಿದೆ. ಒಂದು ಬುಡ ಬರಿದು. ಪಕ್ಕದ ಬುಡದ ಸುತ್ತ ಬಿಳಿಯ, ಹರಿದ ಬಟ್ಟಲಿನಂಥ ಪೊರೆ. ಅಲ್ಲೇ ಕೀಳದೆ ಬಿಟ್ಟ ಒಂದು ಅಣಬೆಯಿತ್ತು. ಕೊಡೆಯ ಅಡಿಗೆ ಬಿಳಿ ಪದರಗಳು, ಕಾಂಡಕ್ಕೆ ಉಂಗುರ, ಬುಡಕ್ಕೆ ಅದೇ ಬಟ್ಟಲು.

ಸಾವಿನ ಜಾತಿ!

ಡಿಎನ್‌ಎ ಸುಳ್ಳು ಹೇಳಿರಲಿಲ್ಲ. ಪರೀಕ್ಷೆಗೆ ಕೊಟ್ಟ ಆ ಒಂದು ಅಣಬೆಯ ಬಗ್ಗೆ ಮಾತ್ರ ಹೇಳಿತ್ತು. ಎರಡೂ ಜಾತಿ ಒಂದೇ ಬುಟ್ಟಿಗೆ ಬಿದ್ದಿದ್ದವು; ತಟ್ಟೆಗೆ ಹೋದದ್ದು ಇದು. ಈ ವಿಷ ವಾಂತಿ ಮಾಡಿಸಿ ಸುಮ್ಮನಾಗುತ್ತದೆ. ವಾಸಿಯಾಯಿತೆಂದು ಮನೆಗೆ ಹೋದವನ ಲಿವರ್ ತಿನ್ನುತ್ತದೆ.

ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

ಆಸೆಯಾಯಿತು... ನಿಮ್ಮ ಹತ್ತಿರ ಸುಳ್ಳೇಕೆ?

ಕಾರನ್ನು ಆಸ್ಪತ್ರೆಗೆ ಓಡಿಸಿದೆ. ಅವನು ಗೇಟಿನ ಬಳಿ ಟ್ಯಾಕ್ಸಿ ಹತ್ತುತ್ತಿದ್ದ. ಅವಳು ಅವನಿಗೆ ಶಾಲು ಹೊದಿಸುತ್ತಿದ್ದಳು. ಕಾಲರ್ ಹಿಡಿದು ಎಳೆದೆ. ನೀನು ತಿಂದದ್ದು ವಿಷದ್ದು, ನಾನೇ ಕಣ್ಣಾರೆ ಕಂಡೆ ಎಂದೆ.

"ಹೊಟ್ಟೆಕಿಚ್ಚಿಗೂ ಒಂದು ಮಿತಿ ಇರ್ಬೇಕು ಕಣೋ," ಎಂದ. "ಡಿಎನ್‌ಎಗಿಂತ ನಿನ್ನ ಕಣ್ಣು ದೊಡ್ಡದಾ?"

"ಹೊಟ್ಟೆಕಿಚ್ಚು ಇದೆ. ಇಲ್ಲ ಅನ್ನಲ್ಲ. ಮೊದಲು ಇದನ್ನ ನೋಡು."

ಕಾಡಿನಿಂದ ಬುಡಸಮೇತ ಕಿತ್ತು ತಂದಿದ್ದ ಆ ಅಣಬೆಯನ್ನು ಅವನ ಅಂಗೈಗೆ ಹಾಕಿದೆ. ಓದಿಕೊಂಡವನು, ಹೇಳಿಕೊಡಬೇಕಾಗಲಿಲ್ಲ. ಮುಖ ಬಿಳಿಚಿತು. ತಿರುಗಿ ವಾರ್ಡಿಗೆ ನಡೆದ.

ಬದುಕಿದ. ಹಾಸಿಗೆಯಿಂದಲೇ ನನ್ನ ಅಣಬೆಯನ್ನೂ ಲ್ಯಾಬಿಗೆ ಕಳಿಸಿ ಡಿಎನ್‌ಎ ಮಾಡಿಸಿದ. ನಾನು ಹೇಳಿದ್ದೇ ಬಂತು.

ಅವಳು ಅವನ ತಲೆ ನೇವರಿಸುತ್ತ ನನ್ನ ಕಡೆ ತಿರುಗಿದಳು.

"ನೋಡಿದ್ಯಾ ಇವರನ್ನ? ಮಲಗಿದಲ್ಲೇ ಕಂಡುಹಿಡಿದುಬಿಟ್ರು."

ಮುಂದಿನ ಸಲ ಅವನು ಅಣಬೆ ತಿಂದಾಗ ನನ್ನ ಫೋನ್ ಸ್ವಿಚ್ ಆಫ್ ಆಗಿರುತ್ತದೆ.