ಸೋಫಾ ಹಿಂದಿನ ಕುದುರೆ

"ಕಪ್ಪು ವೈರೆಲ್ಲಾ ಸೇರಿಸಿ ಪೆಟ್ಟಿಗೆ ಬಾಡೀಗೇ ಕೊಡ್ಬೇಕು ಕಣಮ್ಮ. ನಮ್ ಗಾಡೀಲಿ ಹಂಗೇಯಾ!"

ಟಿವಿ ಸ್ಟ್ಯಾಂಡಿನ ಹಿಂದಿನಿಂದ ಅಪ್ಪನ ದನಿ ಬಂತು. ಹೊರಗೆ ಕಾಣುತ್ತಿದ್ದದ್ದು ಅಪ್ಪನ ಎರಡು ಪಾದ ಮಾತ್ರ.

ಸಹನಾ ಗಡಿಯಾರ ನೋಡಿದಳು. ಮೂರೂಕಾಲು. ನಾಲ್ಕಕ್ಕೆ ಕ್ಲಾಸಿನವರೆಲ್ಲ ಬಂದುಬಿಡುತ್ತಾರೆ!

ಅವಳ ಅಪ್ಪ ಭೈರೇಶ್ ಹೊಸೂರಿನ ಬೈಕ್ ಕಂಪನಿಯಲ್ಲಿ ವೈರಿಂಗ್ ಸೆಕ್ಷನ್ನಿನವನು. ಈ ಸಲದ ಆಯುಧಪೂಜೆಯ ದಿನ ಕಂಪನಿಯ ಲಕ್ಕಿ ಡ್ರಾದಲ್ಲಿ ಅಪ್ಪನ ಚೀಟಿ ಎದ್ದಿತ್ತು. ಬಂದದ್ದು ಹೋಮ್ ಥಿಯೇಟರ್! ರಿಸೀವರ್ ಅನ್ನುವ ಕಪ್ಪು ಪೆಟ್ಟಿಗೆ, ಒಂದು ಡಿವಿಡಿ ಪ್ಲೇಯರ್, ಐದು ಪುಟಾಣಿ ಸ್ಪೀಕರ್, ಆ ಐದಕ್ಕೂ ಅಮ್ಮನ ಹಾಗೆ ಒಂದು ದಪ್ಪ ಸ್ಪೀಕರ್.

ಬಹುಮಾನ ಅಪ್ಪನದು. ಜಂಬ ಮಾತ್ರ ಸಹನಾಳದು. ಶುಕ್ರವಾರ ಊಟದ ಬೆಲ್ಲಿನಲ್ಲಿ ಅವಳ ಬಾಯಿ ಸುಮ್ಮನಿರಲಿಲ್ಲ.

"ನಮ್ಮನೇಲಿ ಸೋಫಾ ಹಿಂದೆ ಕುದುರೆ ಓಡುತ್ತೆ ಗೊತ್ತಾ? ಟಕಾಟಕ್ ಟಕಾಟಕ್ ಅಂತ! ತಿರುಗಿ ನೋಡಿದ್ರೆ ಯಾರೂ ಇರಲ್ಲ!"

ಉಷಾರಾಣಿ ಮೂಗು ಮುರಿದಳು. "ಹೋಗೇ, ಬರೀ ಬಿಲ್ಡಪ್ಪು. ಹೋದ್ಸಲ ನಮ್ಮನೇಲಿ ನವಿಲೈತೆ ಅಂದೆ. ಬಂದು ನೋಡಿದ್ರೆ ಅದು ಕ್ಯಾಲೆಂಡರ್‌ದು!"

ಕ್ಲಾಸಿಗೆ ಕ್ಲಾಸೇ ನಕ್ಕಿತು. ಸಹನಾಳಿಗೆ ರೋಷ ಬಂತು. "ಭಾನುವಾರ ನಾಲ್ಕು ಗಂಟೆಗೆ ಬನ್ನಿ. ಕುದುರೆ ಓಡ್ಲಿಲ್ಲ ಅಂದ್ರೆ ಇನ್ಮೇಲೆ ನಾನು ಏನು ಹೇಳಿದ್ರೂ ನಂಬಬೇಡಿ!"

ಹೇಳುವಾಗ ಸುಲಭವಾಗಿತ್ತು. ಈಗ ನೋಡಿದರೆ ನಡುಮನೆಯ ತುಂಬ ವೈರುಗಳು ಕೇರೆಹಾವಿನ ಮರಿಗಳ ಹಾಗೆ ಬಿದ್ದುಕೊಂಡಿದ್ದವು.

ಸಾಲದ್ದಕ್ಕೆ ಅಜ್ಜಿ ಮುನಿವೆಂಕಟಮ್ಮ ಬೇರೆ. ದಪ್ಪ ಸ್ಪೀಕರನ್ನು ಅಪ್ಪ ಎಲ್ಲಿ ಇಟ್ಟರೂ ಅಜ್ಜಿ ಬಿಡಲಿಲ್ಲ. "ಭಾರದ್ದು ಕುಬೇರ ಮೂಲೇಲೇ ಇರ್ಬೇಕು ಕಣ್ಲಾ, ಎತ್ತಲಾ!" ಎಂದು ಕೂತಲ್ಲಿಂದಲೇ ಕೈ ತೋರಿಸುತ್ತಿದ್ದಳು. ಅಪ್ಪ ಅದನ್ನು ಹೊತ್ತುಕೊಂಡು ನಡುಮನೆಯನ್ನು ಒಂದು ಸುತ್ತು ಹಾಕಿ ಬಂದ. ಆಮೇಲೆ ಸೋಫಾದ ಹಿಂದೆ ಎರಡು ಪುಟಾಣಿ ಸ್ಪೀಕರ್ ಇಟ್ಟಾಗ ಅಜ್ಜಿಗೆ ಅದೂ ಹಿಡಿಸಲಿಲ್ಲ. "ಬೆನ್ನ ಹಿಂದೆ ಮಾತಾಡೋರು ನಮ್ ಓಣೀಲಿ ಈಗಾಗ್ಲೇ ಸಾಕಷ್ಟವ್ರೆ. ಇವೆರಡು ಬ್ಯಾರೆ!"

"ಆಯ್ತು! ಹಾಕು ಸ್ವಿಚ್ಚು!" ಅಪ್ಪ ಹಿಂದಿನಿಂದ ಕೂಗಿದ.

ಸಹನಾ ಸ್ವಿಚ್ ಒತ್ತಿದಳು. ರಿಸೀವರಿನ ಮೇಲೆ ನೀಲಿ ಅಕ್ಷರ ಬೆಳಗಿತು. 'ಟಕ್' ಎಂದಿತು. ಕೆಂಪು ದೀಪ ಎರಡು ಸಲ ಮಿಟುಕಿತು, ಪೆಟ್ಟಿಗೆ ಮಲಗಿಬಿಟ್ಟಿತು.

ಇನ್ನೊಂದು ಸಲ. ಮತ್ತೆ 'ಟಕ್'. ಮತ್ತೆ ನಿದ್ದೆ.

"ನನ್ ಕನೆಕ್ಷನ್ ಕರೆಕ್ಟಾಗೈತೆ. ಇದಕ್ಕೇ ಏನೋ ಆಗೈತೆ," ಎಂದ ಅಪ್ಪ.

ಸಹನಾ ತಲೆ ತೂರಿಸಿ ರಿಸೀವರಿನ ಬೆನ್ನನ್ನು ನೋಡಿದಳು. ಅಲ್ಲಿ ಐದು ಜೋಡಿ ಕ್ಲಿಪ್ ಇದ್ದವು. ಪ್ರತಿ ಜೋಡಿಯಲ್ಲೂ ಒಂದು ಕೆಂಪು, ಒಂದು ಕಪ್ಪು. ಕೆಂಪು ಕ್ಲಿಪ್ಪುಗಳು ಕೆಂಪು ವೈರುಗಳನ್ನು ಕಚ್ಚಿಕೊಂಡಿದ್ದವು. ಕಪ್ಪು ಕ್ಲಿಪ್ಪುಗಳ ಬಾಯಿ ಮಾತ್ರ ಖಾಲಿ. ಅಪ್ಪ ಐದು ಕಪ್ಪು ವೈರುಗಳನ್ನೂ ಜಡೆ ಹೆಣೆದಂತೆ ಹೊಸೆದು, ಪೆಟ್ಟಿಗೆಯ ಒಂದೇ ಸ್ಕ್ರೂಗೆ ಸುತ್ತಿಬಿಟ್ಟಿದ್ದ.

"ಅಪ್ಪಾ, ಕಪ್ಪು ವೈರಿಗೂ ಬೇರೆ ಬೇರೆ ಜಾಗ ಐತೆ. ನೋಡಿಲ್ಲಿ."

"ಬ್ಯಾಡ ಕಣಮ್ಮ. ಕರೆಂಟ್ ಹೋಗೋಕೆ ಒಂದು ವೈರು. ವಾಪಸ್ ಬರೋಕೆ ಗಾಡಿ ಬಾಡೀನೇ ಸಾಕು. ದಿನಾ ಎಷ್ಟು ಗಾಡಿ ಮಾಡ್ತೀನಿ ನಾನು!"

"ಅಯ್ಯೋ, ಇದೇನು ಬೈಕಾ ಅಪ್ಪಾ? ಹಂಗಾದ್ರೆ ಒಂದು ಸೀಟೂ ಹಾಕ್ಬಿಡು, ಅಜ್ಜಿ ಕೂತ್ಕೊಂಡು ಪಕ್ಕದೂರು ಜೂಜುವಾಡಿಗೆ ಹೋಗ್ಬರ್ಲಿ!"

ಅಜ್ಜಿ ಎಲೆಅಡಿಕೆ ಉಗುಳುವಷ್ಟು ನಕ್ಕಳು. ಅಡಿಗೆಮನೆಯಲ್ಲಿ ಬೋಂಡ ಬಿಡುತ್ತಿದ್ದ ಅಮ್ಮ ಜಾಲರಿ ಸೌಟು ಹಿಡಿದೇ ಹೊರಗೆ ಬಂದು ನಕ್ಕಳು. ಅಪ್ಪನೂ ನಕ್ಕ. ಆದರೆ ಅವನ ಕಿವಿ ಕೆಂಪಗಾಗಿತ್ತು. ಕಪ್ಪು ವೈರುಗಳ ಜಡೆ ಬಿಚ್ಚಿ, ಒಂದೊಂದನ್ನೂ ಅದರದರ ಕ್ಲಿಪ್ಪಿಗೆ ಕೊಟ್ಟ.

ಈ ಸಲ ಸ್ವಿಚ್ ಒತ್ತಿದಾಗ 'ಟಕ್' ಎಂದಿತು, ಮಲಗಲಿಲ್ಲ. ಎಫ್ಎಂ ಹಾಕಿದರೆ ಮನೆಯ ಎಲ್ಲ ಮೂಲೆಗಳೂ ಒಟ್ಟಿಗೆ ಹಾಡಿದವು!

"ನಾನು ಹೇಳ್ಲಿಲ್ವಾ?" ಸಹನಾ ಕುಣಿದಾಡಿದಳು. "ಡಿವಿಡಿ ವೈರು ನಾನೇ ಹಾಕ್ತೀನಿ. ನೀನು ಬಿಡಪ್ಪಾ, ನಿಂಗೆ ಗೊತ್ತಾಗಲ್ಲ."

ಡಿವಿಡಿಯಿಂದ ರಿಸೀವರಿಗೆ ಸೌಂಡಿನ ವೈರು. ಡಿವಿಡಿಯಿಂದ ಟಿವಿಗೆ ಚಿತ್ರದ ಹಳದಿ ವೈರು. ಟಿವಿಯ ಬೆನ್ನಲ್ಲಿ ಹಳದಿ ತೂತು ಕಂಡದ್ದೇ ತಡ, ಅವಳು ಚುಚ್ಚಿಬಿಟ್ಟಳು. ಅಷ್ಟರಲ್ಲಿ ಗೇಟು ಕಿರ್ರೆಂದಿತು.

ಉಷಾರಾಣಿ ಬಂದಳು, ಮುನಿರತ್ನ ಬಂದ, ಅವರ ಹಿಂದೆ ಇನ್ನೂ ನಾಲ್ಕು ಮಂದಿ ಬಂದರು. ಸೋಫಾ ತುಂಬಿತು. ಅಪ್ಪ ಅಂಗಡಿಯಿಂದ ತಂದಿದ್ದ ಯುದ್ಧದ ಸಿನಿಮಾ ಹಾಕಿದ.

ಮೊದಲು ಗಾಳಿ ಬೀಸಿತು. ಆಮೇಲೆ ದೂರದಿಂದ, ಸೋಫಾದ ಹಿಂದಿನಿಂದ, ಟಕಾಟಕ್, ಟಕಾಟಕ್!

ಉಷಾರಾಣಿ ಸರಕ್ಕನೆ ತಿರುಗಿ ನೋಡಿದಳು. ಸಹನಾಳ ಎದೆ ಪೂರಿಯ ಹಾಗೆ ಉಬ್ಬಿತು.

"ಕುದುರೆ ಸರಿ," ಎಂದ ಮುನಿರತ್ನ. "ಪಡಂ ಎಲ್ಲಿ ಅಂಕಲ್?"

ಟಿವಿಯಲ್ಲಿ ಚಿತ್ರವೇ ಇರಲಿಲ್ಲ. ಬರೀ ನೀಲಿ.

ಅಪ್ಪ ಸ್ಟ್ಯಾಂಡಿನ ಹಿಂದೆ ನುಸುಳಿದ. ಕುದುರೆಗಳು ಓಡುತ್ತಲೇ ಇದ್ದವು. ಮಕ್ಕಳು ಗುಸುಗುಸು ಶುರುಮಾಡಿದರು. ಅಜ್ಜಿ ಸುಮ್ಮನೆ ಕೂರುವವಳೇ?

"ಪಡಂ ಯಾಕ್ರಲಾ? ಕಣ್ ಮುಚ್ಕಳಿ, ನಾ ಹೇಳ್ತೀನಿ. ಅಗೋ, ರಾಜ ಬಂದ! ಬಿಳೀ ಕುದುರೆ. ಮೀಸೆ ನೋಡಿ, ಎರಡು ನಿಂಬೆಹಣ್ಣು ನಿಲ್ತವೆ!" ಎಡಗಡೆಯ ಸ್ಪೀಕರಿನಲ್ಲಿ ಯಾರೋ ಕಿರುಚಿದರು. "ಹಾಂ, ಕತ್ತೀನ ಕಾಲ್ಮ್ಯಾಲೆ ಬೀಳುಸ್ಕೊಂಡ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಸಹನಾ ನಗಲಿಲ್ಲ. ಹಳದಿ ವೈರು ಹಾಕಿದ್ದು ಅವಳೇ ಅಲ್ಲವೇ?

ಸ್ಟ್ಯಾಂಡಿನ ಮೇಲಿನಿಂದ ಅಪ್ಪನ ಮುಖ ಎದ್ದಿತು. ಅವನು ಸಹನಾಳನ್ನು ಒಮ್ಮೆ ನೋಡಿದ. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದ:

"ನಂದೇ ತಪ್ಪು ಕಣ್ರಪ್ಪಾ. ಇಲ್ಲಿ ಎರಡು ಹಳದಿ ತೂತು ಐತೆ. ಒಳಕ್ಕೆ ಬರೋದು ಒಂದು, ಹೊರಕ್ಕೆ ಹೋಗೋದು ಒಂದು. ನೋಡ್ದೇ ಹೊರಕ್ಕೆ ಹೋಗೋದ್ರಲ್ಲಿ ಹಾಕ್ಬುಟ್ಟಿವ್ನಿ."

ಉಷಾರಾಣಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. "ಸಹನಾ, ನಿಮ್ಮಪ್ಪ ಕಂಪನೀಲಿ ವೈರಿಂಗೇ ಮಾಡೋದು ಅಂದಿದ್ದೆ? ಪಾಪ, ಆ ಗಾಡಿಗಳು ಮುಂದಕ್ಕೆ ಓಡ್ತವಾ, ಹಿಂದಕ್ಕಾ?"

ಸೋಫಾ ಮತ್ತೆ ನಕ್ಕಿತು. ಒಳ್ಳೆಯ ಜೋಕೇ. ಸ್ವಲ್ಪ ಹೊತ್ತಿಗೆ ಮುಂಚೆ ಸಹನಾ ಮಾಡಿದ್ದೂ ಅಂಥದ್ದೇ ಜೋಕು. ಆಗಿನ ಹಾಗೆಯೇ ಅಪ್ಪ ಈಗಲೂ ನಗುತ್ತಿದ್ದ. ಆಗಿನ ಹಾಗೆಯೇ ಕಿವಿ ಕೆಂಪಗಾಗಿತ್ತು.

ಸಹನಾ ಎದ್ದು ನಿಂತಳು.

"ಅಪ್ಪ ಅಲ್ಲ. ಅದನ್ನು ಚುಚ್ಚಿದ್ದು ನಾನು."

ಉಷಾರಾಣಿ ಏನು ಹೇಳುತ್ತಾಳೆಂದು ಕೇಳಿಸಿಕೊಳ್ಳಲು ಅವಳು ನಿಲ್ಲಲಿಲ್ಲ. ಮಂಡಿಯೂರಿ ಸ್ಟ್ಯಾಂಡಿನ ಹಿಂದಕ್ಕೆ ತೂರಿಕೊಂಡಳು. ಅಲ್ಲಿ ಧೂಳು, ಜೇಡರ ಬಲೆ, ಮತ್ತು ಅಪ್ಪ.

"ಯಾಕ್ ಹೇಳೋಕೋದೆ?" ಅಪ್ಪ ಪಿಸುಗುಟ್ಟಿದ. "ಎಲ್ಲಾ ಸರಿಹೋಗ್ತಿತ್ತಲ್ಲ."

"ನೀನ್ಯಾಕೆ ಹೇಳ್ದೆ?"

ಅಪ್ಪ ಹಳದಿ ವೈರನ್ನು ಕಿತ್ತು ಅವಳ ಕೈಗೇ ಕೊಟ್ಟ. ಅವಳು ಈ ಸಲ ಪಕ್ಕದ ಅಕ್ಷರಗಳನ್ನು ಬೆರಳಿಟ್ಟು ಓದಿ, ನಿಧಾನವಾಗಿ ಒಳಕ್ಕೆ ಒತ್ತಿದಳು.

ಆಚೆ ಕಡೆ "ಓ!" ಎಂದು ಕೂಗು ಎದ್ದಿತು. "ಬಂತು ಬಂತು! ರಾಜ!"

"ಥೂ, ಇವ್ನಾ ರಾಜ?" ಅಜ್ಜಿಯ ದನಿ. "ನಾ ಹೇಳಿದ್ ರಾಜಂಗೆ ಇಷ್ಟು ದೊಡ್ಡ ಹೊಟ್ಟೆ ಇರ್ಲಿಲ್ಲ!"

ಅಪ್ಪ ಬಾಯಿ ಮುಚ್ಚಿಕೊಂಡು ನಕ್ಕ. ಅವನ ಕೂದಲಿಗೆ ಜೇಡರ ಬಲೆ ಮೆತ್ತಿಕೊಂಡಿತ್ತು. ಸಹನಾ ಅದನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಮೆಲ್ಲಗೆ ತೆಗೆದಳು.

"ಹೋಗಮ್ಮ, ನೀನು ನೋಡೋಗು. ಎಲ್ಲಾ ನಿನ್ ಫ್ರೆಂಡ್ಸು."

"ಹೋಗ್ತೀನಿ ಇರು," ಎಂದಳು ಸಹನಾ. ಮೊಣಕಾಲು ಮಡಚಿ, ಆ ಇಕ್ಕಟ್ಟಿನಲ್ಲೇ ಅಪ್ಪನಿಗೆ ಒರಗಿ ಕೂತಳು. ಇಲ್ಲಿಂದ ಸಿನಿಮಾ ಒಂದು ಚೂರೂ ಕಾಣುತ್ತಿರಲಿಲ್ಲ.