ಒಬ್ಬಳಿಗೆಂದು ಮಾಡಿದ ಜಾಹೀರಾತು

"ಆ ಮೊಸರಿನ ಪೇಜ್ ನಡೆಸೋನು ಇಲ್ಲೇ ಎಲ್ಲೋ ಇರ್ಬೇಕು ನೋಡಿ. ಐವತ್ತು ದಾಟಿದ ಬ್ರಹ್ಮಚಾರಿ, ಹೊಟ್ಟೇಲಿ ಹುಣ್ಣು ಬೇರೆ. ಇಲ್ದಿದ್ರೆ ಅಷ್ಟು ಹುಳಿ ಮಾತು ಎಲ್ಲಿಂದ ಬರುತ್ತೆ?"

ಅಬ್ದಲಿ ಬಡಾವಣೆಯ ಹೋಟೆಲೊಂದರಲ್ಲಿ, ಕಾಫಿ ಮೇಜಿನ ಪಕ್ಕ, ಒಬ್ಬ ಅಪರಿಚಿತ ನನ್ನೊಡನೆ ಆಡಿದ ಮೊದಲ ಮಾತು ಇದು. ಫೋನಿನಲ್ಲಿ ಜನರನ್ನು ಹಿಡಿದು ಸಾಮಾನು ಮಾರುವ ಅಮ್ಮಾನಿನ ಜಾಹೀರಾತು ಏಜೆನ್ಸಿಗಳವರೆಲ್ಲ ವರ್ಷಕ್ಕೊಮ್ಮೆ ಅಲ್ಲಿ ಸೇರುತ್ತೇವೆ. ಕೊರಳಿಗೆ ಹೆಸರಿನ ಕಾರ್ಡು, ಕೈಯಲ್ಲಿ ಕಾಗದದ ಲೋಟ, ಮುಖದ ತುಂಬ ಹುಸಿನಗು. ನನ್ನ ಕಾರ್ಡು ಹಿಂದುಮುಂದಾಗಿ ತಿರುಗಿಕೊಂಡಿತ್ತು. ಮೊಸರಿನ ಕಂಪನಿಯ ಪರವಾಗಿ ಆ ಪೇಜ್ ನಡೆಸುವವಳು ನಾನೇ.

"ಹಲ್ಲೂ ಉದುರಿದಾವಂತೆ," ಎಂದೆ.

ಅವನಿಗೆ ಹುರುಪು ಬಂತು, ಇನ್ನಷ್ಟು ಹೇಳಿದ. ಎದುರಾಳಿ ಡೈರಿಯ ಪೇಜಿನಲ್ಲಿ ಬರೆಯುವವನು ಇವನೇ ಎಂದು ಅಷ್ಟರಲ್ಲಿ ಅವನ ಕಾರ್ಡು ನೋಡಿ ನನಗೆ ತಿಳಿದುಹೋಗಿತ್ತು. ಎಂಟು ತಿಂಗಳಿಂದ ನಮ್ಮ ಎರಡು ಪೇಜುಗಳು ಎಲ್ಲರೆದುರು ಕಿತ್ತಾಡುತ್ತಿದ್ದವು. ನಿಮ್ಮ ಮೊಸರಲ್ಲಿ ಗೋಡೆಗೆ ಸುಣ್ಣ ಹೊಡೆಯಬಹುದಂತಲ್ಲ ಎಂದು ನಾನು ಬರೆದರೆ, ನಿಮ್ಮದನ್ನು ಸ್ಟ್ರಾ ಹಾಕಿ ಹೀರಬಹುದಂತಲ್ಲ ಎಂದು ಅವನು ಬರೆಯುತ್ತಿದ್ದ. ಜನರಿಗೆ ಅದೇ ಮಜಾ. ನಾನು ಮೆಲ್ಲಗೆ ಕಾರ್ಡು ತಿರುಗಿಸಿ ಅವನ ಕಣ್ಣೆದುರು ಹಿಡಿದೆ. ಮೊದಲು ಅವನ ಕಿವಿಗಳು ಕೆಂಪಾದವು, ಆಮೇಲೆ ಕತ್ತು, ಕೊನೆಗೆ ಮುಖ. ನನಗೆ ಮೊದಲು ಇಷ್ಟವಾದದ್ದು ಆ ಕಿವಿಗಳೇ.

ಅವನ ಹೆಸರು ಮುತಸಿಮ್. ಒಳಗೆ ಸಭಾಂಗಣದಲ್ಲಿ ದುಬೈಯಿಂದ ಬಂದವರೊಬ್ಬರು ಆ ವರ್ಷದ ದೊಡ್ಡ ಬದಲಾವಣೆಯ ಬಗ್ಗೆ ಮಾತನಾಡುತ್ತಿದ್ದರು. ಜಾಹೀರಾತು ಯಾರಿಗೆ ಕಾಣಬೇಕೆಂದು ನಾವು ಎಷ್ಟೇ ಆರಿಸಿ ಕೊಟ್ಟರೂ ಇನ್ನು ಮುಂದೆ ಅದು ಬರೀ ಸೂಚನೆ. ನಿಜವಾಗಿ ಯಾರಿಗೆ ತೋರಿಸುವುದು ಎಂಬುದು ಯಂತ್ರದ ಇಷ್ಟ. ಭಾಷಣದ ಸಾರ ಇಷ್ಟೇ. ಅದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಆ ಒಂದು ಗಂಟೆ ನಾವಿಬ್ಬರೂ ಹೊರಗೆ ಗೋಡೆಗೊರಗಿ ನಗುತ್ತ ನಿಂತಿದ್ದೆವು.

ಅಲ್ಲಿಂದ ಮುಂದೆ ಪೇಜುಗಳ ಜಗಳ ಇನ್ನೂ ಜೋರಾಯಿತು. ಆದರೆ ಪ್ರತಿ ಕೊಂಕಿನಲ್ಲೂ ನನಗೆ ಮಾತ್ರ ತಿಳಿಯುವಂಥದ್ದು ಏನೋ ಒಂದು ಇರುತ್ತಿತ್ತು. ನಾನು ಹಸಿರು ಸ್ಕಾರ್ಫ್ ಸುತ್ತಿಕೊಂಡು ಹೋದ ದಿನ, ಎದುರಾಳಿಗಳ ಹೊಸ ಹಸಿರು ಮುಚ್ಚಳ ಕಣ್ಣಿಗೆ ತಂಪಾಗಿದೆ ಎಂದು ಅವನ ಪೇಜ್ ಒಪ್ಪಿಕೊಂಡಿತು. ನಮ್ಮ ಡಬ್ಬಿಯ ಮುಚ್ಚಳ ನೀಲಿ. ನಮ್ಮ ಮ್ಯಾನೇಜರಿಗೆ ತಲೆಬುಡ ಅರ್ಥವಾಗಲಿಲ್ಲ.

ಪ್ರತಿ ಗುರುವಾರ ಕೆಲಸ ಮುಗಿಸಿ ವೈಬ್ದೆ ಗುಡ್ಡದ ಮೆಟ್ಟಿಲುಗಳ ಮೇಲೆ ಕೂತು, ಮೊಟ್ಟೆ ಹಾಕಿದ ಎಳ್ಳಿನ ಬ್ರೆಡ್ಡು ಕಅಕ್ ತಿನ್ನುತ್ತಿದ್ದೆವು. ಅವನು ಒಂದು ದಿನವೂ ನನ್ನ ಕೈ ಹಿಡಿಯಲಿಲ್ಲ. ಬ್ರೆಡ್ಡು ಮುರಿದು ದೊಡ್ಡ ತುಂಡನ್ನು ನನ್ನ ಕಡೆ ಸರಿಸಿ, ತಾನು ಸರಿಸಲೇ ಇಲ್ಲ ಎನ್ನುವ ಹಾಗೆ ರಸ್ತೆ ನೋಡುತ್ತಿದ್ದ. ಆ ಹುಸಿ ನೋಟಕ್ಕೆ ನಾನು ಸೋತುಹೋದೆ ಎಂದು ಈಗಲೂ ಹೇಳಬಲ್ಲೆ.

ನನ್ನ ಅಪ್ಪ ಅಬೂ ಫವಾಜ್, ಜಬಲ್ ಹುಸೇನ್ ಬಡಾವಣೆಯಲ್ಲಿ ಬೀಗದ ಕೈ ಮಾಡುತ್ತಾರೆ. ಅಮ್ಮ ಬೀದಿಯ ಹೆಂಗಸರಿಗೆಲ್ಲ ಕಸೂತಿ ಹಾಕಿಕೊಡುತ್ತಾಳೆ. ನಮ್ಮಂಥ ಮನೆಗಳಲ್ಲಿ ಹುಡುಗಿ ತಾನೇ ಆರಿಸಿಕೊಂಡರೂ ಆರಿಸಿಕೊಂಡಂತೆ ಕಾಣಬಾರದು. ಯಾರೋ ಹೇಳಿದರು ಎನ್ನುವ ನೆಪದಲ್ಲಿ ಹುಡುಗನ ತಾಯಿ ಮನೆಗೆ ಬರಬೇಕು. ಅಲ್ಲಿಯವರೆಗೆ ಎಲ್ಲವೂ ಗುಟ್ಟು. ಇದನ್ನು ಅವನಿಗೆ ಹತ್ತು ಸಲ ಹೇಳಿದ್ದೆ.

"ಮುಂದಿನ ಶುಕ್ರವಾರ ಅಮ್ಮನ್ನ ಕಳಿಸ್ತೀನಿ," ಎಂದ, ಮೇ ತಿಂಗಳ ಒಂದು ಸಂಜೆ.

"ಅಲ್ಲೀತನಕ ಯಾರ ಬಾಯಲ್ಲೂ ನನ್ನ ಹೆಸರು ಬರ್ಬಾರ್ದು. ಅಷ್ಟು ಮಾಡು, ಮಿಕ್ಕಿದ್ದು ನಾನು ನೋಡ್ಕೋತೀನಿ."

"ನನ್ನ ಬಾಯಿಗೆ ಬೀಗ. ಬೀಗದ ಕೈ ನಿಮ್ಮಪ್ಪನ ಹತ್ರಾನೇ ಮಾಡಿಸ್ಕೊಂಡ್ರಾಯ್ತು."

ನಡುವಿನ ಸೋಮವಾರ ನನ್ನ ಹುಟ್ಟಿದ ದಿನ. ಅವನು ನನಗೊಂದು ಉಡುಗೊರೆ ಮಾಡಿದ್ದ. ನಮ್ಮ ಕಸುಬಿನವರನ್ನು ಬಿಟ್ಟರೆ ಬೇರೆ ಯಾರಿಗೂ ಇಂಥದ್ದು ಹೊಳೆಯುವುದಿಲ್ಲ. ಲೋಕದಲ್ಲಿ ಒಬ್ಬಳಿಗೆ ಮಾತ್ರ ಕಾಣುವ ಜಾಹೀರಾತು. ವಯಸ್ಸು ಇಪ್ಪತ್ತೆಂಟು, ಹೆಣ್ಣು, ನಮ್ಮ ಬೀದಿಯ ಸುತ್ತಿನ ಒಂದೇ ಕಿಲೋಮೀಟರ್, ನನಗಿರುವ ಹುಚ್ಚುಗಳೆಲ್ಲ ಒಂದೊಂದಾಗಿ: ಹಳೇ ರೇಡಿಯೋ, ಕಳ್ಳಿ ಗಿಡ, ಚೆಸ್. ಇಷ್ಟೆಲ್ಲ ಒಟ್ಟಿಗೆ ಇರುವವಳು ಅಮ್ಮಾನಿನಲ್ಲಿ ಇನ್ನೊಬ್ಬಳಿಲ್ಲ ಎಂದು ಅವನ ಲೆಕ್ಕ. ಜಾಹೀರಾತು ಹಾಕುವ ವಿಭಾಗ ಅವನದಲ್ಲ, ಅವನು ಬರೆಯುವವನು. ಆರಿಸುವ ಜಾಗದ ಕೆಳಗೆ ಸಣ್ಣಕ್ಷರದಲ್ಲಿ, ಇದು ಬರೀ ಸೂಚನೆ ಎಂದು, ಹೊಸದಾಗಿ ಒಂದು ಸಾಲು ಬಂದಿತ್ತಂತೆ. ಅವನು ಓದಲಿಲ್ಲ.

ಚಿತ್ರದಲ್ಲಿ ನಾನು ವೈಬ್ದೆಯ ಮೆಟ್ಟಿಲ ಮೇಲೆ ಬೆನ್ನು ಮಾಡಿ ನಿಂತಿದ್ದೇನೆ. ಮುಖ ಕಾಣುವುದಿಲ್ಲ. ಹೆಗಲಲ್ಲಿ ಅಮ್ಮನ ಕಸೂತಿಯ ಚೀಲ. ಕೆಳಗೆ ಅವನ ಬರಹ: "ಬಯಾನ್, ಶುಕ್ರವಾರ ಅಮ್ಮ ನಿಮ್ಮನೆಗೆ ಬರ್ತಾಳೆ. ಕಾಫಿಗೆ ಸಕ್ಕರೆ ಹಾಕ್ಬೇಡ, ನಮಗೆ ಕಹೀನೇ ಅಭ್ಯಾಸ. ಹೂಂ ಅಂತೀಯಾ?"

ಬೆಳಿಗ್ಗೆ ಎಂಟಕ್ಕೆ ಅದನ್ನು ಬಿಟ್ಟ. ನನ್ನ ಫೋನಿಗೆ ಮಾತ್ರ ಅದು ಬರಲೇ ಇಲ್ಲ. ಮಿಕ್ಕವರಿಗೆಲ್ಲ ಹೋಯಿತು. ಜನ ನಿಂತು ನೋಡುತ್ತಾರೆ ಎಂದು ಯಂತ್ರಕ್ಕೆ ತಿಳಿದದ್ದೇ ತಡ, ಇನ್ನಷ್ಟು ಜನರಿಗೆ ಹಂಚಿತು. ಒಂಬತ್ತೂವರೆಗೆ ಆಫೀಸಿನಲ್ಲಿ ಪಕ್ಕದ ಮೇಜಿನವಳು ನಗುತ್ತ ತನ್ನ ಫೋನನ್ನು ನನ್ನ ಮುಂದೆ ಹಿಡಿದಳು. ಯಾರೋ ಪುಣ್ಯವಂತೆ ನಿನ್ನದೇ ಹೆಸರಿನವಳು ನೋಡು ಎಂದಳು. ನನ್ನ ಚೀಲ ಅವಳ ಕಣ್ಣೆದುರೇ ಕುರ್ಚಿಗೆ ನೇತಾಡುತ್ತಿತ್ತು.

ಮೊದಲು ಎಲ್ಲರೂ "ಹೂಂ ಅನ್ನು, ಬಯಾನ್" ಎಂದು ಬರೆದಿದ್ದರು. ಹತ್ತರ ಹೊತ್ತಿಗೆ ಒಬ್ಬ, ಈ ಕಸೂತಿ ನಮ್ಮ ಬೀದಿಯದು ಎಂದ. ಇನ್ನೊಬ್ಬ ಅಪ್ಪನ ಹೆಸರು ಹಾಕಿದ. ಅದರ ಕೆಳಗೆ ಮತ್ತೊಬ್ಬ: "ಊರಿಗೆಲ್ಲ ಬೀಗ ಮಾಡ್ಕೊಡೋನ ಮನೆಗೇ ಬೀಗ ಇಲ್ಲ." ಆ ಸಾಲನ್ನು ಮೆಚ್ಚಿದವರು ಏಳುನೂರು ಜನ.

ಆರು ವರ್ಷ ಕಂಡವರ ಕಾಮೆಂಟಿಗೆ ಉತ್ತರ ಬರೆದೇ ಅನ್ನ ತಿಂದವಳು ನಾನು. ಎಂಥ ಬೈಗುಳಕ್ಕೂ ಐದು ನಿಮಿಷದೊಳಗೆ ನಯವಾಗಿ ಉತ್ತರಿಸಬೇಕು ಎಂಬುದು ನಮ್ಮ ಆಫೀಸಿನ ನಿಯಮ. ಅವತ್ತು ಒಂದನ್ನೂ ಕಳಿಸಲಾಗಲಿಲ್ಲ. ಬರೆದೆ, ಅಳಿಸಿದೆ, ಮತ್ತೆ ಬರೆದೆ. ಹನ್ನೊಂದಕ್ಕೆ ಅವನು ಅದನ್ನು ತೆಗೆದುಹಾಕಿದ. ಅಷ್ಟರಲ್ಲಿ ಅದು ನಲವತ್ತು ಸಾವಿರ ಜನರನ್ನು ತಲುಪಿತ್ತು, ಅದರ ಚಿತ್ರ ಎಲ್ಲರ ಫೋನಿನಲ್ಲೂ ಉಳಿಯಿತು.

ಹತ್ತೂವರೆಗೆ ಅಪ್ಪ ಕ್ಷೌರದಂಗಡಿಯಲ್ಲಿ ಕೂತಿದ್ದಾಗಲೇ ಪಕ್ಕದ ಕುರ್ಚಿಯವನು ತೋರಿಸಿದನಂತೆ. ಒಂದು ಕೆನ್ನೆಗೆ ನೊರೆ ಹಾಗೇ ಇಟ್ಟುಕೊಂಡು ಮನೆಗೆ ನಡೆದು ಬಂದರು. ನಾನು ಆಫೀಸಿನಿಂದ ಬಂದಾಗ, ಚೀಲ ನಿನ್ನದಾ, ಅವನು ನಿನಗೆ ಗೊತ್ತಾ, ಎಂದು ಎರಡೇ ಕೇಳಿದರು. ಎರಡಕ್ಕೂ ಹೌದು ಎಂದೆ. ಅಣ್ಣ ಫವಾಜ್ ಅಪ್ಪನ ಪಾಲಿನದೂ ಸೇರಿಸಿ ಕೂಗಾಡಿದ. ಅಪ್ಪ ಒಂಬತ್ತು ದಿನ ಅಂಗಡಿ ತೆರೆಯಲಿಲ್ಲ. ನನ್ನ ಕೆಲಸ ನಿಂತುಹೋಯಿತು. ಅಮ್ಮ ಕಿಟಕಿಯ ಬಳಿ ಕೂತು, ಆ ಚೀಲದ ಕಸೂತಿಯನ್ನು ಒಂದೊಂದೇ ಎಳೆಯಾಗಿ ಬಿಚ್ಚಿದಳು. ಶುಕ್ರವಾರ ಯಾರೂ ಬರಲಿಲ್ಲ.

ಮೂರನೇ ವಾರ, ಮಧ್ಯಾಹ್ನದ ನಮಾಜಿನ ನಂತರ, ಅವನ ಕಡೆಯ ಹಿರಿಯರು ಜಾಹ, ಅಂದರೆ ಸಂಧಾನಕ್ಕೆ, ಬಂದರು. ಹನ್ನೊಂದು ಜನ ಗಂಡಸರು, ಹನ್ನೆರಡನೆಯವನು ಅವನು. ಮುಂದಾಳು ಅವನ ದೊಡ್ಡಪ್ಪ, ನಿವೃತ್ತ ಹೆಡ್‌ಮಾಸ್ಟರು. ಫವಾಜ್ ಎಲ್ಲರಿಗೂ ಕಾಫಿ ಬಗ್ಗಿಸಿದ. ಯಾರೂ ತುಟಿಗೆ ತಾಗಿಸಲಿಲ್ಲ. ಜಾಹ ಬಂದವರು ಕಪ್ಪನ್ನು ಮುಂದಿಟ್ಟುಕೊಂಡು ಮಾತು ಹೇಳುತ್ತಾರೆ. ಮನೆಯವನು ಕುಡಿಯಿರಿ ಎಂದರೆ ಕೇಳಿದ್ದು ಸಿಕ್ಕಿತು ಎಂದರ್ಥ. ನಾನು ಅಡುಗೆಮನೆಯ ಪರದೆಯ ಹಿಂದೆ ನಿಂತಿದ್ದೆ. ಎರಡು ಬೇಡಿಕೆ ತಂದಿದ್ದೇವೆ ಎಂದರು ದೊಡ್ಡಪ್ಪ: ಒಂದು ಕ್ಷಮೆ, ಇನ್ನೊಂದು ಹುಡುಗಿ.

ಅಪ್ಪ ಎದ್ದು ಒಳಗೆ ಬಂದರು.

"ಹೂಂ ಅಂದ್ರೆ ಬೀದಿ ಬಾಯಿ ಮುಚ್ಚುತ್ತೆ. ಫವಾಜ್‌ಗೂ ಅದೇ ಬೇಕಾಗಿದೆ," ಎಂದರು. "ಬೀದಿ ಮಾತು ಬಿಡು ಮಗಳೇ. ನಿನ್ನ ಮಾತು ಹೇಳು."

ಇಷ್ಟು ದಿನವೂ ನನ್ನ ಮುಖ ನೋಡದವರು ಈಗ ನೋಡಿದರು. ಅವನ ಹತ್ತಿರ ಒಂದು ಮಾತು ಕೇಳಬೇಕು ಎಂದೆ. ಅಪ್ಪ ನನ್ನ ಜೊತೆ ಅಮ್ಮನನ್ನು ನಿಲ್ಲಿಸಿ ಅವನನ್ನು ಹಿಂದಿನ ಬಾಲ್ಕನಿಗೆ ಕಳಿಸಿದರು.

ಸೊರಗಿಹೋಗಿದ್ದ. ಅವನನ್ನು ಕಂಡ ಕೂಡಲೇ ಎಲ್ಲವನ್ನೂ ಮರೆತು ಹೂಂ ಎನ್ನಬೇಕು ಅನ್ನಿಸಿತು. ನಾಲಿಗೆ ತುದಿಗೆ ಬಂದಿತ್ತು.

"ಅದು ಎಲ್ರಿಗೂ ಹೋಗ್ತಿದೆ ಅಂತ ನಿಂಗೆ ಎಷ್ಟೊತ್ತಿಗೆ ಗೊತ್ತಾಯ್ತು?"

ಸುಳ್ಳು ಹೇಳಬಹುದಿತ್ತು. ಹೇಳಲಿ ಎಂದೇ ನನಗೆ ಆಸೆಯಿತ್ತು.

"ಎಂಟೂವರೆಗೆ."

"ತೆಗೆದಿದ್ದು ಹನ್ನೊಂದಕ್ಕೆ."

"ಹೂಂ."

"ಮಧ್ಯ ಏನ್ ಮಾಡ್ತಿದ್ದೆ?"

"ನೋಡ್ತಾ ಕೂತಿದ್ದೆ, ಬಯಾನ್. ಮೊದಮೊದಲು ಎಲ್ರೂ ಒಳ್ಳೇದೇ ಬರೀತಿದ್ರು. ನಿಮಿಷಕ್ಕೆ ನೂರು ಜನ, ಇನ್ನೂರು ಜನ. ನಾನು ಬರೆದಿದ್ದು ಯಾವುದೂ ಇವತ್ತಿನವರೆಗೆ ಹಾಗೆ ಓಡಿರ್ಲಿಲ್ಲ. ಇನ್ನೊಂದು ಹತ್ತು ನಿಮಿಷ, ಇನ್ನೊಂದು ಹತ್ತು ನಿಮಿಷ ಅಂತ..."

ಅವನು ಹೇಳಿದ್ದು ನನಗೆ ಪೂರ್ತಿ ಅರ್ಥವಾಯಿತು, ಅದೇ ಸಂಕಟ. ಏರುವ ಅಂಕಿಯನ್ನು ನೋಡುತ್ತ ಊಟ ಮರೆತವಳು ನಾನೂ ಹೌದು. ಅವನ ಜಾಗದಲ್ಲಿದ್ದರೆ ನಾನೂ ಹಾಗೇ ಕೂತಿರುತ್ತಿದ್ದೆನೋ ಏನೋ.

"ಆ ಎರಡೂವರೆ ಗಂಟೇಲಿ ನಾನು ನಿಂಗೆ ನೆನಪಾಗ್ಲಿಲ್ವಾ?"

"ನೆನಪಾದೆ," ಎಂದ. "ನಿಂಗೆ ಆ ಅಂಕಿ ತೋರಿಸ್ಬೇಕು ಅನ್ನಿಸ್ತು."

ಅಮ್ಮ ಮುಖ ಆಚೆ ತಿರುಗಿಸಿಕೊಂಡಳು.

"ನಿನ್ ಮೇಲೆ ಜೀವಾನೇ ಇಟ್ಕೊಂಡಿದ್ದೆ ಕಣೋ," ಎಂದೆ. ಇಂಥ ಮಾತನ್ನು ನಾನು ಅವನಿಗೆ ಹೇಳಿದ್ದು ಅದೇ ಮೊದಲು. "ಈಗ್ಲೂ ಇದೆ. ಆದ್ರೆ ನಮ್ಮಪ್ಪ ಅರ್ಧ ಗಡ್ಡದಲ್ಲಿ ಬೀದಿ ತುಂಬ ನಡ್ಕೊಂಡು ಬರೋವಾಗ ನೀನು ಅಂಕಿ ನೋಡ್ತಿದ್ದೆ. ದಿನಾ ನಿನ್ ಮುಖ ನೋಡಿ ಅದನ್ನ ಮರೀತೀನಿ ಅಂತ ನಂಗೆ ನಂಬಿಕೆ ಇಲ್ಲ."

ಅವನು ವಾದ ಮಾಡಲಿಲ್ಲ. ಮಾಡಿದ್ದರೆ ನಾನು ಸೋಲುತ್ತಿದ್ದೆ. ತಲೆಯಾಡಿಸಿ ಒಳಗೆ ಹೋದ.

ಕ್ಷಮೆಗೆ ಕುಡಿಯಲಿ, ಇನ್ನೊಂದಕ್ಕೆ ಬೇಡ, ಎಂದು ಅಪ್ಪನಿಗೆ ಹೇಳಿದೆ. ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ಹೊರಗೆ ಅವರ ದನಿ ಕೇಳಿಸಿತು.

"ನಿಮ್ಮ ಹುಡುಗನ್ನ ಕ್ಷಮಿಸಿದೀನಿ. ಅದಕ್ಕೆ ಕುಡೀರಿ. ಮಗಳ ಮಾತು ಇಲ್ಲಿಗೆ ಬಿಡಿ."

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೊಡ್ಡಪ್ಪ ಕಪ್ಪೆತ್ತಿ ಕುಡಿದರು. ಸಾಲಾಗಿ ಎಲ್ಲರೂ ಕುಡಿದರು. ಮುತಸಿಮ್ ಕಪ್ಪು ಹಿಡಿದುಕೊಂಡೇ ಕೂತಿದ್ದ. ಕುಡಿಯದಿದ್ದರೆ ಅಪ್ಪನ ಕ್ಷಮೆಯನ್ನು ತಳ್ಳಿದ ಹಾಗೆ, ಎರಡೂ ಮನೆಗೆ ಅವಮಾನ. ಕುಡಿದರೆ ನನ್ನನ್ನು ಬಿಟ್ಟುಕೊಟ್ಟ ಹಾಗೆ. ಪರದೆಯ ಕಡೆ ಒಮ್ಮೆ ನೋಡಿದ. ನಾನು ಅವನಿಗೆ ಕಾಣುತ್ತಿರಲಿಲ್ಲ. ಆಮೇಲೆ ತಣ್ಣಗಾದ ಆ ಕಾಫಿಯನ್ನು ಗಸಿ ಸಮೇತ ಕುಡಿದು ಕಪ್ಪು ಕೆಳಗಿಟ್ಟ.

ಅವರು ಮೆಟ್ಟಿಲಿಳಿದು ಹೋದ ಮೇಲೆ ಫವಾಜ್ ತಟ್ಟೆಯನ್ನು ಒಳಗೆ ತಂದಿಟ್ಟ. ಬಿಡು, ನಾನು ತೊಳೀತೀನಿ, ಎಂದಳು ಅಮ್ಮ. ನಾನು ಬಿಡಲಿಲ್ಲ. ಯಾವುದು ಅವನ ಕಪ್ಪು ಎಂದು ಗೊತ್ತಾಗಲಿಲ್ಲ. ಹನ್ನೆರಡನ್ನೂ ನಾನೇ ತೊಳೆದೆ.