ಧೂಮಕರ್ಣನ ಮೂರನೆಯ ಪ್ರಶ್ನೆ

ಬಹಳ ಹಿಂದೆ, ಬೆಟ್ಟಗಳಾಚೆ ಶಂಖಾವತಿ ಎಂಬ ರಾಜ್ಯವಿತ್ತು. ಧೂಮಕರ್ಣನೆಂಬ ಮಾಂತ್ರಿಕ ಆ ರಾಜ್ಯದ ಬೆಂಕಿಯನ್ನೆಲ್ಲ ಕದ್ದೊಯ್ದು ತನ್ನ ಕೋಟೆಯಲ್ಲಿ ಬಚ್ಚಿಟ್ಟ. ಅಂದಿನಿಂದ ಯಾರ ಮನೆಯ ಒಲೆಯೂ ಹೊತ್ತಲಿಲ್ಲ. ಜನ ನೆನೆಸಿದ ಅಕ್ಕಿ ತಿಂದು ಚಳಿಯಲ್ಲಿ ನಡುಗಿದರು. ಕೋಟೆಯ ಮೂರು ಪ್ರಶ್ನೆಗಳಿಗೆ ಸರಿಯಾಗಿ ಉತ್ತರಿಸಿದವರಿಗೆ ಬೆಂಕಿ ಸಿಗುತ್ತದೆ, ತಪ್ಪಿದವರು ಕಲ್ಲಾಗುತ್ತಾರೆ ಎಂದು ಅವನು ಸಾರಿದ್ದ. ಹೋದ ವೀರರು ಮರಳಲಿಲ್ಲ. ಯುವರಾಜ ಜಯಕೇತುವೂ ಮರಳಲಿಲ್ಲ.

ಅವನ ತಂಗಿ ತರಂಗಿಣಿ ತಂದೆಯ ಮುಂದೆ ನಿಂತಳು. "ಅಪ್ಪಾಜಿ, ನಾನು ಹೋಗುತ್ತೇನೆ."

"ನಿನ್ನನ್ನೂ ಕಳೆದುಕೊಳ್ಳಲೇ, ಮಗಳೇ?"

"ಅಣ್ಣನಿಗೆ ಎಲ್ಲದಕ್ಕೂ ಆತುರ. ನನಗಿಲ್ಲ. ಹರಸಿ ಕಳಿಸಿ."

ಕೋಟೆಯ ಬಾಗಿಲಲ್ಲಿ ಕಪ್ಪು, ಕೆಂಪು, ಹಸಿರು ಬಣ್ಣದ ಮೂರು ಹಾವುಗಳು ಸುರುಳಿ ಸುತ್ತಿ ಮಲಗಿದ್ದವು. ಯಾವುದು ಎಷ್ಟುದ್ದವೋ ಕಣ್ಣಿಗೆ ತಿಳಿಯುವಂತಿರಲಿಲ್ಲ.

"ಕರಿಯನಿಗಿಂತ ಕೆಂಪ ಉದ್ದ. ಹಸಿರನಿಗಿಂತ ಕರಿಯ ಉದ್ದ. ನಮ್ಮಲ್ಲಿ ಗಿಡ್ಡ ಯಾರು?" ಎಂದು ಅವು ಬುಸುಗುಟ್ಟಿದವು.

'ಕರಿಯನೇ ಕೆಂಪನಿಗಿಂತ ಗಿಡ್ಡ. ಹಸಿರ ಅವನಿಗಿಂತಲೂ ಗಿಡ್ಡ' ಎಂದುಕೊಂಡು ಅವಳು, "ಹಸಿರ" ಎಂದಳು. ಬಾಗಿಲು ತೆರೆಯಿತು.

ಒಳಗಿನ ಅಂಗಳದ ತುಂಬ ದಟ್ಟ ಮಂಜು. ಅದರೊಳಗಿಂದ ಒಂದು ಕುದುರೆ ಮಾತಾಡಿತು. "ನಾವು ಸಾಲಾಗಿ ನಿಂತಿದ್ದೇವೆ. ಮುಂದಿನಿಂದ ಎಣಿಸಿದರೂ ನಾನು ಮೂರನೆಯವನು, ಹಿಂದಿನಿಂದ ಎಣಿಸಿದರೂ ಮೂರನೆಯವನು. ನಾವು ಎಷ್ಟು ಮಂದಿ?"

ಆರು ಎನ್ನುವ ಮಾತು ನಾಲಿಗೆಯ ತುದಿಗೇ ಬಂದಿತ್ತು. ತರಂಗಿಣಿ ತಡೆದಳು. ಇವನನ್ನು ಎರಡು ಸಲ ಎಣಿಸಬಾರದಲ್ಲ! "ನಿನ್ನ ಮುಂದೆ ಇಬ್ಬರು, ಹಿಂದೆ ಇಬ್ಬರು, ನಡುವೆ ನೀನು. ಐದು."

ಮಂಜು ಕರಗಿತು.

ಸಭಾಂಗಣದಲ್ಲಿ ಧೂಮಕರ್ಣ ಕೂತಿದ್ದ. ಅವನ ಮುಂದೆ ಚಿನ್ನ, ಬೆಳ್ಳಿ, ತಾಮ್ರದ ಮೂರು ಹದ್ದುಗಳಿದ್ದವು. ಸುತ್ತಲೂ ಕಲ್ಲಾದ ವೀರರು. ಕೆಲವರ ಬೆರಳು ಬೆಳ್ಳಿ ಹದ್ದಿನತ್ತ ಚಾಚಿತ್ತು, ಕೆಲವರದು ತಾಮ್ರದ ಹದ್ದಿನತ್ತ. ಅವರ ನಡುವೆ ಅಣ್ಣನೂ ಇದ್ದ.

"ಬೆಳ್ಳಿ ಹದ್ದಿಗಿಂತ ಚಿನ್ನದ ಹದ್ದಿಗೆ ವಯಸ್ಸು ಹೆಚ್ಚು. ತಾಮ್ರದ ಹದ್ದಿಗಿಂತಲೂ ಚಿನ್ನದ ಹದ್ದಿಗೇ ವಯಸ್ಸು ಹೆಚ್ಚು. ಎಲ್ಲಕ್ಕಿಂತ ಕಿರಿಯದು ಯಾವುದು? ಬೇಗ ಹೇಳು!"

ಚಿನ್ನದ್ದು ಹಿರಿಯದೆಂಬುದು ಖಚಿತ. ಆದರೆ ಬೆಳ್ಳಿ, ತಾಮ್ರಗಳಲ್ಲಿ? ಅವಳು ಅವನ ಒಂದೊಂದು ಮಾತನ್ನೂ ಮತ್ತೆ ಮನಸ್ಸಿನಲ್ಲಿ ಆಡಿಕೊಂಡಳು.

"ಹೇಳುತ್ತೀಯೋ, ಕಲ್ಲಾಗುತ್ತೀಯೋ?" ಧೂಮಕರ್ಣ ಗುಡುಗಿದ.

ತರಂಗಿಣಿ ತಲೆಯೆತ್ತಿ ಅವನನ್ನೇ ನೋಡಿದಳು. "ನೀನು ಹೇಳಿದಷ್ಟರಿಂದ ಅದು ತಿಳಿಯುವುದಿಲ್ಲ. ಬೆಳ್ಳಿಯನ್ನೂ ತಾಮ್ರವನ್ನೂ ನೀನು ಹೋಲಿಸಲೇ ಇಲ್ಲ."

"ಹಾಗಾದರೆ ಸೋತೆ!"

"ಇಲ್ಲ. ಅದೇ ನನ್ನ ಉತ್ತರ. ಇವರೆಲ್ಲ ಊಹಿಸಿದರು. ನಾನು ಊಹಿಸುವುದಿಲ್ಲ."

ಮಾಂತ್ರಿಕನ ದಂಡ ಪಟ್ಟನೆ ಸೀಳಿಹೋಯಿತು. ಅವನು ಹೊಗೆಯಾಗಿ ಕಿಟಕಿಯಿಂದ ಹಾರಿಹೋದ. ಕಲ್ಲುಗಳಲ್ಲಿ ಉಸಿರಾಡಿತು. ಜಯಕೇತು ಕಣ್ಣುಜ್ಜಿಕೊಂಡು, "ತಾಮ್ರದ್ದಲ್ಲವೇನೇ?" ಎಂದ. ತರಂಗಿಣಿ ಅಳುತ್ತಲೇ ನಕ್ಕು ಅವನನ್ನು ತಬ್ಬಿಕೊಂಡಳು.

ಮೂರು ಹದ್ದುಗಳೂ ರೆಕ್ಕೆಯ ಮೇಲೆ ಬೆಂಕಿ ಹೊತ್ತು ಹಾರಿದವು. ಆ ಸಂಜೆ ಶಂಖಾವತಿಯ ಮನೆಮನೆಯಲ್ಲೂ ಅನ್ನ ಕುದಿಯಿತು. ಅರಮನೆಯ ಬಾಗಿಲು ಎಲ್ಲರಿಗೂ ತೆರೆಯಿತು. ರಾಜನೇ ನಿಂತು ಬಿಸಿಬಿಸಿ ಪಾಯಸ ಬಡಿಸಿದ. ಮುಂದೆ ಆ ನಾಡಿನವರು ಯಾವ ಮಾಂತ್ರಿಕನಿಗೂ ಅಂಜದೆ, ನೂರು ಕಾಲ ನಗುನಗುತ್ತ ಬಾಳಿದರು.